ಗೋಡೆಗೆ ಕೆನ್ನೆ ಒತ್ತುತ್ತಿದ್ದ ಐಸ್ ನಂಜಪ್ಪ

ತಡ್ಕೊಳ್ಳಿ, ತಡ್ಕೊಳ್ಳಿ, ಪೇಜ್ ಮುಚ್ಚಬೇಡಿ! ಬಿಸಿಲು ಮನೆಯೊಳಗೆ ಇಳೀದಂಗೆ ತಡೆಯೋದು ಹೇಗೆ ಅಂತ ಬರೀತೀನಿ ಅಂದಿದ್ದಕ್ಕೆ ಹೋದ ವಾರ ಇಬ್ಬರು "ಬೋರ್ ಗುರು" ಅಂತ ಕಾಮೆಂಟ್ ಹಾಕಿದ್ರಿ. ನೋಡಿದೀನಿ, ಬೇಜಾರಿಲ್ಲ. ಆದ್ರೆ ಇವತ್ತು ಐದು ನಿಮಿಷ ಕೂತ್ಕೊಳ್ಳಿ. ಇದರಲ್ಲಿ ಐಸ್ ಗಡ್ಡೆಗಳ ರೇಸ್ ಇದೆ. ಪಾರಿವಾಳಗಳ ದಂಡು ಇದೆ. ಚಾಮರಾಜಪೇಟೆಯ ಟೆರೇಸ್ ಮೇಲೆ ಭತ್ತ ಮೊಳೆತ ಕಥೆ ಇದೆ. ಎಲ್ಲಕ್ಕಿಂತ ಜಾಸ್ತಿ, ನಂಜಪ್ಪ ತಾತ ಇದಾರೆ. ಅವರಿಗೋಸ್ಕರನಾದ್ರೂ ಕಾಯಿರಿ.

ನಾನು ಅವರನ್ನ ಮೊದಲು ನೋಡಿದಾಗ ಅವರು ನಮ್ಮ ಮನೆ ಗೋಡೆಗೆ ಕೆನ್ನೆ ಒತ್ಕೊಂಡು ನಿಂತಿದ್ರು. ಕಣ್ಣು ಮುಚ್ಚಿತ್ತು. ಬಿಳಿ ಪಂಚೆ, ಖಾಕಿ ಶರ್ಟು, ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿದ ಹಳೇ ಸೈಕಲ್ಲು. ಮಾರ್ಚ್ ತಿಂಗಳ ಮಧ್ಯಾಹ್ನ, ರೋಡಲ್ಲಿ ನಾಯಿ ಸಹ ಇಲ್ಲ. ಈ ಮನುಷ್ಯ ಮಾತ್ರ ಪಶ್ಚಿಮದ ಗೋಡೆಗೆ ಮೊದಲು ಬಲಗೆನ್ನೆ, ಆಮೇಲೆ ಎಡಗೆನ್ನೆ ಇಟ್ಟು, ಎರಡು ಹೆಜ್ಜೆ ಸರಿದು ಮತ್ತೆ ಬಲಗೆನ್ನೆ.

ಕೆಳಗಿನ ಮನೆ ಓನರ್ ಸಾವಿತ್ರಮ್ಮ ಕಿಟಕಿಯಿಂದ ನೋಡಿ ಕಿರುಚಿದ್ರು: "ಯಾರ್ರೀ ಅದು, ನಮ್ಮ ಗೋಡೆಗೆ ಮುತ್ತು ಕೊಡ್ತಿರೋದು!"

ತಾತ ಕಣ್ಣು ಬಿಡ್ಲಿಲ್ಲ. "ಮುತ್ತಲ್ಲ ತಾಯಿ, ಜ್ವರ ನೋಡ್ತಿದೀನಿ. ನಿಮ್ಮ ಗೋಡೆಗೆ ಸಿಕ್ಕಾಪಟ್ಟೆ ಜ್ವರ ಇದೆ. ಮೇಲಿನ ರೂಮಲ್ಲಿ ಯಾರಾದ್ರೂ ಇದಾರಾ? ಪಾಪ."

ಮೇಲಿನ ರೂಮಲ್ಲಿ ಇದ್ದಿದ್ದು ನಾವೇ. ನಾನು, ಅಮ್ಮ.

ಕೈ ಇರುವಾಗ ಕೆನ್ನೆ ಯಾಕೆ ಅಂತೀರಾ? ನಾನೂ ಅದನ್ನೇ ಕೇಳಿದೆ. ತಾತ ಬೆರಳು ಮುಂದೆ ಚಾಚಿ ತೋರಿಸಿದ್ರು. ತುದಿಗಳೆಲ್ಲ ಸವೆದ ಸೋಪಿನ ಥರ ನುಣ್ಣಗೆ ಹೊಳೀತಿದ್ವು. ರೈಲ್ವೆ ಹಳಿ ಪಕ್ಕದ ಒಂದು ಐಸ್ ಫ್ಯಾಕ್ಟರೀಲಿ ಮೂವತ್ತು ವರ್ಷ ಐಸ್ ದಿಮ್ಮಿ ಎಳೆದು, ಹೊರಳಿಸಿ, ಜೋಡಿಸಿ ಬೆರಳು ಮರಗಟ್ಟಿ ಹೋಗಿತ್ತು. ಬಿಸಿ ಕಾಫಿ ಲೋಟ ಹಿಡಿದ್ರೂ ಗೊತ್ತಾಗ್ತಿರ್ಲಿಲ್ಲ. "ಮೂವತ್ತು ವರ್ಷ ನಾನು ತಣ್ಣಗಿರೋದನ್ನ ಕಾಯ್ಕೊಂಡು ಬಂದೆ ಮರಿ. ಕೈ ಅಲ್ಲೇ ಬಿಟ್ಟೆ. ಕೆನ್ನೆ ಒಂದು ಉಳೀತು" ಅಂದ್ರು. ರಿಟೈರ್ ಆಗಿದ್ರು. ಓಕಳಿಪುರಂನಲ್ಲಿ ಒಬ್ಬರೇ ಇದ್ರು. ದಿನಾ ಸೈಕಲ್ ಹತ್ತಿ ಮಲ್ಲೇಶ್ವರಂ, ಬಸವನಗುಡಿ, ನಮ್ಮ ಪೇಟೆ ಅಂತ ಸುತ್ತೋದು, ಯಾವ ಮನೆ ಗೋಡೆ ಹೆಂಗಿದೆ ಅಂತ ನೋಡೋದು, ಅದೇ ಅವರ ವಾಕಿಂಗ್!

ಈಗ ನಮ್ಮ ಕಷ್ಟ ಹೇಳ್ತೀನಿ.

ಅಮ್ಮ ನರ್ಸು. ಒಂದು ನರ್ಸಿಂಗ್ ಹೋಮಿನ ಮಕ್ಕಳ ವಾರ್ಡಲ್ಲಿ ಪರ್ಮನೆಂಟ್ ನೈಟ್ ಡ್ಯೂಟಿ. ಹಗಲಿನ ಜಾಗ ಯಾವುದೂ ಖಾಲಿ ಇರ್ಲಿಲ್ಲ. ಅಮ್ಮಂಗೂ ಆ ಕೆಲಸ ಪ್ರಾಣ. ಬೆಳಗ್ಗೆ ಬಂದು ತಿಂಡಿ ತಿನ್ಕೊಂಡು, ಇವತ್ತು ಯಾವ ಮಗು ನಕ್ಕಿತು, ಯಾವ ಮಗು ಸೂಜಿ ನೋಡಿ ಕಚ್ಚಿತು ಅಂತ ಹೇಳಿ, ಒಂಬತ್ತಕ್ಕೆ ಮಲಗೋರು. ನಮ್ಮದು ಟೆರೇಸ್ ಮೇಲೆ ಕಟ್ಟಿದ ಒಂದೇ ರೂಮು, ಮೂಲೇಲಿ ಅಡುಗೆ ಕಟ್ಟೆ. ಮೇಲೆ ಬರೀ ಕಾಂಕ್ರೀಟ್ ಮೋಲ್ಡು, ಅದರ ಮೇಲೆ ಆಕಾಶ. ಚಳಿಗಾಲದಲ್ಲಿ ಸ್ವರ್ಗ. ಫೆಬ್ರವರಿ ದಾಟಿದ್ರೆ ಹನ್ನೊಂದು ಗಂಟೆಗೆಲ್ಲ ಮೋಲ್ಡು ಕಾದ ಹೆಂಚು. ಫ್ಯಾನ್ ಹಾಕಿದ್ರೆ ಮೇಲಿನ ಬಿಸೀನ ಕೆಳಗೆ ಬಡಿಸ್ತಿತ್ತು ಅಷ್ಟೆ. ಅಮ್ಮ ಒದ್ದೆ ಟವಲ್ ಹೊದ್ಕೊಂಡು, ನೆಲಕ್ಕೆ ನೀರು ಚೆಲ್ಕೊಂಡು ಹೊರಳಾಡೋರು. ಎರಡು ಗಂಟೆ ನಿದ್ದೆ ಆದ್ರೆ ಪುಣ್ಯ.

ಆ ಮಾರ್ಚಲ್ಲಿ ಒಂದಿನ ಡ್ಯೂಟಿ ಮುಗಿಸಿ ಬಂದೋರು ಚಪ್ಪಲಿ ಬಿಚ್ಚದೇ ಮೆಟ್ಟಿಲ ಮೇಲೆ ಕೂತ್ಬಿಟ್ರು. "ಇವತ್ತು ಒಂದು ಮಗೂದು ಔಷಧಿ ಇನ್ನೊಂದು ಮಗೂಗೆ ಕೊಡೋಕೆ ಹೋಗಿದ್ದೆ ಕಣೋ. ಬಾಯಿ ಹತ್ರ ಸ್ಪೂನ್ ಇತ್ತು. ಹೆಸರು ಓದ್ಕೊಂಡೆ, ಸರಿಹೋಯ್ತು. ನಾಳೆ ಓದ್ಕೊಳ್ದೇ ಇದ್ರೆ?" ಆಮೇಲೆ ಶಾಂತವಾಗಿ ಹೇಳಿದ್ರು. "ಏಪ್ರಿಲ್ ಮುಗಿಯೋವರೆಗೂ ನೋಡ್ತೀನಿ. ನಿದ್ದೆ ಬರ್ಲಿಲ್ಲ ಅಂದ್ರೆ ಕೆಲಸ ಬಿಡ್ತೀನಿ. ಮಕ್ಕಳ ಜೀವದ ಜೊತೆ ಆಟ ಆಡಕ್ಕಾಗಲ್ಲ."

ಅಪ್ಪ ಲಾರಿ ಓಡಿಸೋರು, ತಿಂಗಳಿಗೆ ನಾಲ್ಕು ದಿನ ಮನೇಲಿ ಇದ್ರೆ ಹೆಚ್ಚು. ಬೇರೆ ಮನೆ ಹುಡುಕೋ ಶಕ್ತಿ ಇರ್ಲಿಲ್ಲ. ನನಗೆ ಹತ್ತೊಂಬತ್ತು. ಕಾಲೇಜಲ್ಲಿ ಕಾಮರ್ಸು, ಲೈಬ್ರರೀಲಿ ಮಾತ್ರ ವಿಜ್ಞಾನದ ಪತ್ರಿಕೆ. ಅದರಲ್ಲಿ ಓದಿ ಓದಿ ನಾನೇ ಇಂಜಿನಿಯರ್ ಅಂತ ತಲೇಲಿ ಕೂತಿತ್ತು. ಹಾಗಾಗಿ ಗೋಡೆಗೆ ಕೆನ್ನೆ ಒತ್ತಿದ ತಾತ "ಮೇಲಿನ ರೂಮಲ್ಲಿ ಯಾರು" ಅಂದ ತಕ್ಷಣ ನಾನು ಓಡಿ ಹೋಗಿ ಒಂದೇ ಉಸಿರಲ್ಲಿ ಎಲ್ಲಾ ಹೇಳ್ದೆ. ಔಷಧಿ ಸ್ಪೂನಿನ ಕಥೇನೂ ಹೇಳ್ದೆ. ಕೊನೇಲಿ, "ಥರ್ಮೋಕೋಲ್ ತಂದು ಒಳಗಿಂದ ಮೋಲ್ಡಿಗೆ ಅಂಟಿಸ್ಬಿಡ್ತೀನಿ ತಾತ, ಐಡಿಯಾ ಹೆಂಗಿದೆ?" ಅಂದೆ.

"ಒಳಗಿಂದನಾ?" ತಾತ ನಕ್ರು. "ಇಂಜಿನಿಯರ್ ಸಾಹೇಬ್ರೇ, ಶಾಖ ಅಂದ್ರೆ ನನ್ನ ಭಾವಮೈದ ಇದ್ದಂಗೆ. ಮನೆ ಒಳಗೆ ಬಿಟ್ಕೊಂಡು, ಕಾಫಿ ಕೊಟ್ಟು, ಆಮೇಲೆ ಹೋಗಪ್ಪಾ ಅಂದ್ರೆ ಹೋಗ್ತಾನಾ? ಹೊಸಿಲಾಚೆನೇ ನಿಲ್ಲಿಸ್ಬೇಕು. ಮೋಲ್ಡು ಕಾದ ಮೇಲೆ ಮುಗೀತು, ರಾತ್ರಿ ಪೂರ್ತಿ ಅದು ಶಾಖ ಉಗುಳ್ತಾನೇ ಇರತ್ತೆ. ಮೇಲಿಂದ ಹೊದಿಸು."

"ಸರಿ, ಥರ್ಮೋಕೋಲೇ ಮೇಲೆ ಹಾಕ್ತೀನಿ."

"ನೀನು ಹೇಳ್ತೀಯ ಥರ್ಮೋಕೋಲು. ನಾನು ಹೇಳ್ತೀನಿ ಭತ್ತದ ಹೊಟ್ಟು. ಇಬ್ಬರ ಮಾತೂ ಬೇಡ. ಐಸನ್ನ ಕೇಳೋಣ."

ಐಸನ್ನ ಕೇಳೋದು! ಅವರ ಪ್ರಕಾರ ಐಸ್ ಒಂದೇ ಈ ಊರಲ್ಲಿ ಸುಳ್ಳು ಹೇಳದೇ ಇರೋ ಸಾಕ್ಷಿ.

ಭಾನುವಾರ ಬೆಳಗ್ಗೆ ಸೈಕಲ್ ಕ್ಯಾರಿಯರ್ ಮೇಲೆ ಗೋಣಿಚೀಲ ಕಟ್ಕೊಂಡು ಬಂದ್ರು. ಒಳಗೆ ಮರದ ಹೊಟ್ಟು, ಅದರೊಳಗೆ ಐಸು. ಸಾವಿತ್ರಮ್ಮನ ಅಟ್ಟದಿಂದ ಒಂದೇ ಅಳತೆಯ ಐದು ಬಿಸ್ಕೆಟ್ ಡಬ್ಬ ಇಳಿಸಿದ್ವಿ. ಪ್ರತಿ ಡಬ್ಬದ ಮಧ್ಯ ಒಂದು ಸ್ಟೀಲ್ ಲೋಟ, ಲೋಟದೊಳಗೆ ಒಂದೇ ತೂಕದ ಐಸ್ ಗಡ್ಡೆ. ಲೋಟದ ಸುತ್ತ ಒಂದಕ್ಕೆ ಟಿವಿ ಬಾಕ್ಸಿಂದ ಬಂದ ಥರ್ಮೋಕೋಲ್ ಪುಡಿ, ಒಂದಕ್ಕೆ ಭತ್ತದ ಹೊಟ್ಟು, ಒಂದಕ್ಕೆ ತೆಂಗಿನ ನಾರು, ಒಂದಕ್ಕೆ ಮುದುರಿದ ನ್ಯೂಸ್ ಪೇಪರ್. ಐದನೇದಕ್ಕೆ ಏನೂ ಇಲ್ಲ. "ಅದು ನಿಮ್ಮ ರೂಮು" ಅಂದ್ರು ತಾತ. ಮುಚ್ಚಳ ಹಾಕಿ ಉರಿಬಿಸಿಲಲ್ಲಿ ಸಾಲಾಗಿ ಇಟ್ವಿ. ಅಂಪೈರ್ ಯಾರು? ಅಮ್ಮ! ಹೆಂಗೂ ನಿದ್ದೆ ಬರಲ್ವಲ್ಲ, ಛತ್ರಿ ಹಿಡ್ಕೊಂಡು ಸ್ಟೂಲ್ ಮೇಲೆ ಕೂತ್ರು. ಸಾವಿತ್ರಮ್ಮ ನಾರಿನ ಪಾರ್ಟಿ. "ನಮ್ಮನೇಲಿ ಪಾತ್ರೆ ಉಜ್ಜೋದೂ ಅದರಲ್ಲೇ, ಅದೇ ಗೆಲ್ಲೋದು" ಅಂತ. ಅದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಕೇಳೋ ಧೈರ್ಯ ಯಾರಿಗೂ ಇರ್ಲಿಲ್ಲ.

ಅರ್ಧ ಗಂಟೆಗೊಂದ್ಸಲ ಮುಚ್ಚಳ ತೆಗೆದು, ಕರಗಿದ ನೀರು ಬಗ್ಗಿಸಿ ಅಳೆಯೋದು. ನನ್ನ ಎದೆ ಹೊಡ್ಕೊಳ್ತಿತ್ತು ಅಂದ್ರೆ ನಂಬಿ! ಏನೂ ಇಲ್ಲದ ಡಬ್ಬ ಮೊದಲು ಸೋತಿತು, ಪೂರ್ತಿ ನೀರು. ಆಮೇಲೆ ಪೇಪರ್. ಆಮೇಲೆ ನಾರು. ಸಾವಿತ್ರಮ್ಮ "ಮುಚ್ಚಳ ಜಾಸ್ತಿ ಸಲ ತೆಗೆದ್ರಿ, ಮೋಸ" ಅಂತ ಎದ್ದು ಹೋದ್ರು. ಕೊನೆಗೆ ಉಳಿದಿದ್ದು ಹೊಟ್ಟು, ಥರ್ಮೋಕೋಲು. ಮೂರೂವರೆ ಹೊತ್ತಿಗೆ ಹೊಟ್ಟಿನ ಲೋಟದಲ್ಲಿ ಐಸು ಅಡಿಕೆ ಅಷ್ಟು. ಥರ್ಮೋಕೋಲ್‌ದು ನಿಂಬೆಹಣ್ಣಷ್ಟು.

"ಗೆದ್ದೆ!" ಅಂತ ನಾನು ಕುಣಿದೆ.

ತಾತ ಸುಳ್ಳು ಹೇಳೋ ಮನುಷ್ಯ ಅಲ್ಲ. "ಗೆದ್ದೆ ಕಣಪ್ಪ" ಅಂತ ಒಪ್ಕೊಂಡ್ರು. ಆಮೇಲೆ ಎರಡು ಲೋಟ ಪಕ್ಕಪಕ್ಕ ಇಟ್ರು. "ಈಗ ಹೇಳು. ನಿಂಬೆಹಣ್ಣಿಗೂ ಅಡಿಕೆಗೂ ಇರೋ ವ್ಯತ್ಯಾಸ ಎಷ್ಟು? ಅಷ್ಟಕ್ಕೋಸ್ಕರ ಹೊಟ್ಟಿಗಿಂತ ಎಷ್ಟು ಪಟ್ಟು ದುಡ್ಡು ಕೊಡ್ತೀಯ? ಇದು ಬಿಸಿಲಿಗೆ ಪುಡಿಪುಡಿ ಆಗಿ ಮೋರಿಗೆ ಹೋದ್ರೆ ಯಾವ ಮಣ್ಣು ಇದನ್ನ ತಿನ್ನತ್ತೆ? ನಾವು ಮನೆಗೆ ಹಾಕಿದ್ದನ್ನ ಒಂದಿನ ಮಣ್ಣು ತಿನ್ಬೇಕು ಮರಿ. ಮಣ್ಣು ಬೇಡ ಅಂದಿದ್ದನ್ನ ನಾನು ತಲೆ ಮೇಲೆ ಇಟ್ಕೊಳಲ್ಲ."

ಇನ್ನೊಂದು ಮಾತು ಹೇಳಿದ್ರು. ಇವತ್ತಿಗೂ ನನ್ನ ತಲೇಲಿ ಲೈಟ್ ಥರ ಉರೀತಿರೋ ಮಾತು. ಒಂದು ಹಿಡಿ ಹೊಟ್ಟು ನನ್ನ ಅಂಗೈಗೆ ಹಾಕಿ, "ಇದರಲ್ಲಿ ಏನಿದೆ ಹೇಳು" ಅಂದ್ರು. ಹೊಟ್ಟು ಅಂದೆ. "ದಡ್ಡ. ಇದರಲ್ಲಿ ಇರೋದು ಗಾಳಿ. ಓಡಾಡಕ್ಕೆ ಜಾಗ ಇಲ್ದೇ ಸುಮ್ಮನೆ ಕೂತಿರೋ ಗಾಳಿ. ನಿನ್ನ ಥರ್ಮೋಕೋಲಲ್ಲೂ ಅದೇ. ಕಂಬಳೀಲೂ ಅದೇ. ಮಿಕ್ಕಿದ್ದೆಲ್ಲ ಬರೀ ಡಬ್ಬ."

ಸರಿ, ಹೊಟ್ಟು ಅಂತ ತೀರ್ಮಾನ ಆಯ್ತು. ಮೈಸೂರು ರೋಡ್ ಕಡೆ ಒಂದು ಸಣ್ಣ ಮಿಲ್ಲಿಂದ ಗಾಡಿ ತುಂಬ ಹೊಟ್ಟು ತಂದು, ಗೋಣಿಚೀಲಕ್ಕೆ ತೆಳ್ಳಗೆ ತುಂಬಿ, ಹಾಸಿಗೆ ಥರ ಹೊಲಿದು ಮೋಲ್ಡಿನ ಮೇಲೆ ಹಾಸಿದ್ವಿ. ಮಾರನೇ ದಿನ ಮಧ್ಯಾಹ್ನ ಸ್ಟೂಲ್ ಹತ್ತಿ ಒಳಗಡೆ ಮೋಲ್ಡು ಮುಟ್ಟಿ ನೋಡ್ತೀನಿ, ಕಾದೇ ಇಲ್ಲ! ಕುಣಿದಾಡ್ಬಿಟ್ಟೆ. ಆದ್ರೆ ಅಮ್ಮ ಒಂಬತ್ತಕ್ಕೆ ಮಲಗಿದೋರು ಹತ್ತಕ್ಕೇ ಎದ್ದು ಕೂತಿದ್ರು.

"ಏನಮ್ಮ, ಸೆಕೆನಾ?"

"ಸೆಕೆ ಇಲ್ಲ ಕಣೋ. ಮೇಲೆ ಯಾರೋ ಭರತನಾಟ್ಯ ಮಾಡ್ತಿದಾರೆ."

ಹೊರಗೆ ಹೋಗಿ ನೋಡಿದ್ರೆ ಅಯ್ಯೋ ದೇವರೇ! ಅರ್ಧ ಚಾಮರಾಜಪೇಟೆಯ ಪಾರಿವಾಳಗಳು ನಮ್ಮ ಮೋಲ್ಡಿನ ಮೇಲೆ. ಹೊಟ್ಟಲ್ಲಿ ಅಲ್ಲೊಂದು ಇಲ್ಲೊಂದು ಭತ್ತದ ಕಾಳು ಉಳಿದಿತ್ತು. ಗೋಣಿ ಕುಕ್ಕಿ ಕುಕ್ಕಿ ತಿಂತಿದ್ವು. ಜೊತೆಗೆ ಅಳಿಲು. ಓಡಿಸಿದ್ರೆ ಐದು ನಿಮಿಷಕ್ಕೆ ವಾಪಸ್. ನಾನು ಕೋಲು ಹಿಡಿದು ಕಾವಲು ಕೂತೆ. ಅಮ್ಮ "ಪಾರಿವಾಳ ಸದ್ದು ಪರವಾಗಿಲ್ಲ, ನೀನು ಹುಶ್ ಹುಶ್ ಅನ್ನೋದು ನಿಲ್ಸು ಮಾರಾಯ" ಅಂದ್ರು. ಅದೂ ಸಾಲ್ದು ಅಂತ ಏಪ್ರಿಲ್ ಮೊದಲನೇ ವಾರ ಬೇಸಿಗೆ ಮಳೆ ಧೋ ಅಂತ ಹೊಡೀತು. ಗೋಣಿಯೆಲ್ಲ ನೆಂದು ತೊಪ್ಪೆ. ಎತ್ತೋಕೂ ಆಗದಷ್ಟು ಭಾರ. ಐದಾರು ದಿನಕ್ಕೆ, ನಗಬೇಡಿ, ಗೋಣಿಯ ಸಂದಿಯಿಂದ ಹಸಿರು ಪೈರು ತಲೆ ಎತ್ತಿತ್ತು!

ಸಾವಿತ್ರಮ್ಮ ಮೆಟ್ಟಿಲು ಹತ್ತಿ ಬಂದು, ಸೊಂಟದ ಮೇಲೆ ಕೈಯಿಟ್ಟು, ಪೂರ್ತಿ ಒಂದು ನಿಮಿಷ ನೋಡಿದ್ರು. "ಚೆನ್ನಾಗಿದೆ. ಕುಯ್ಲು ಯಾವಾಗಪ್ಪಾ? ಮೂಲೇಲಿ ಒಂದು ಎಮ್ಮೆ ಕಟ್ಬಿಡು, ಹಾಲಿಗೂ ಆಗತ್ತೆ. ಎರಡು ದಿನದಲ್ಲಿ ಇದೆಲ್ಲ ಇಳೀಬೇಕು, ಗೊತ್ತಾಯ್ತಾ!"

ತಾತ ಬಂದು ಪೈರು ನೋಡಿದ್ರು. ನಗ್ತಾರೆ ಅಂದ್ಕೊಂಡಿದ್ದೆ. ನಗ್ಲಿಲ್ಲ. ನೇರ ಅಮ್ಮನ ಮುಂದೆ ಹೋಗಿ ನಿಂತು, ಎರಡೂ ಕಿವಿ ಹಿಡ್ಕೊಂಡ್ರು. ಅರವತ್ತೈದು ದಾಟಿದ ಮನುಷ್ಯ. "ತಪ್ಪು ನಂದು ತಾಯಿ. ಮೂವತ್ತು ವರ್ಷ ಐಸ್ ಫ್ಯಾಕ್ಟರಿ ಗೋಡೆ ಒಳಗಡೆ ಮುಚ್ಚಿಟ್ಟ ಹೊಟ್ಟು ನೋಡಿದೀನಿ. ಆಕಾಶದ ಕೆಳಗೆ ಬಿದ್ದಿರೋ ಹೊಟ್ಟು ನೋಡಿರ್ಲಿಲ್ಲ. ಗೊತ್ತಿರೋನ ಥರ ಮಾತಾಡ್ಬಿಟ್ಟೆ. ನಿಮ್ಮ ಹತ್ತು ದಿನದ ನಿದ್ದೆ ಹಾಳು ಮಾಡ್ದೆ."

ಅಮ್ಮ "ಅಯ್ಯೋ ಬಿಡಿ, ಕೈ ಇಳಿಸಿ, ಕೂತ್ಕೊಳ್ಳಿ, ಕಾಫಿ ಕುಡೀರಿ" ಅಂದ್ರು. ಕಣ್ಣಿನ ಕೆಳಗೆ ಅವರಿಗೆ ಕಪ್ಪು ಕಟ್ಟಿತ್ತು. ಕಾಫಿ ಲೋಟ ಕೊಡೋವಾಗ ಕೈ ಸೋತು ಸ್ವಲ್ಪ ಚೆಲ್ಲಿದ್ರು. ತಾತನ ಬೆರಳ ಮೇಲೇ ಬಿತ್ತು. ಅವರಿಗೆ ಗೊತ್ತೇ ಆಗ್ಲಿಲ್ಲ. ನಾನು ನೋಡಿದೆ. ಏಪ್ರಿಲ್ ಮುಗಿಯಕ್ಕೆ ಹದಿನೆಂಟು ದಿನ ಇತ್ತು.

ಈಗ ಬರ್ತಿದೆ ನೋಡಿ ನನ್ನ ಜೀವನದ ಒಂದೇ ಒಂದು ಒರಿಜಿನಲ್ ಐಡಿಯಾ! ಒದ್ದೆ ಗೋಣಿಯೆಲ್ಲ ಇಳಿಸಿ, ಸುಸ್ತಾಗಿ ಸಾವಿತ್ರಮ್ಮನ ಹಿತ್ತಲ ಕಟ್ಟೆ ಮೇಲೆ ಕೂತಿದ್ದೆ. ಎದುರಿಗೆ ಅವರು ತೊಳೆದು ಬೋರಲು ಹಾಕಿದ ಮೂರು ಮಣ್ಣಿನ ಕುಡಿಕೆ. ಹಾಗೇ ನೋಡ್ತಾ ಇದ್ದೆ. ಬೋರಲು ಕುಡಿಕೆ. ಒಳಗೆ ಗಾಳಿ. ಹೊರಗೆ ಹೋಗಕ್ಕೆ ದಾರಿ ಇಲ್ಲ, ಸುಮ್ಮನೆ ಕೂತಿರೋ ಗಾಳಿ! ಮಳೆಗೆ ಮೊಳೆಯಲ್ಲ. ಪಾರಿವಾಳ ತಿನ್ನಲ್ಲ. ಮಣ್ಣಿಂದ ಬಂದಿದ್ದು, ಮಣ್ಣೇ ತಿನ್ನತ್ತೆ! ಎದ್ದು ಓಕಳಿಪುರಂ ಕಡೆ ಓಡಿದೆ ಗುರು, ಬಸ್ಸಿಗೂ ಕಾಯ್ಲಿಲ್ಲ. ತಾತ ಹಳಿ ಪಕ್ಕ ಸೈಕಲ್ ತಳ್ಕೊಂಡು ಬರ್ತಾ ದಾರೀಲೇ ಸಿಕ್ಕಿದ್ರು. ಏದುಸಿರು ಬಿಡ್ತಾ ಹೇಳ್ದೆ.

ತಾತ ಸೈಕಲ್ ಕೈಬಿಟ್ಟೇಬಿಟ್ರು. ಅದು ದಡಾರ್ ಅಂತ ಬಿತ್ತು. "ಲೋ! ನಮ್ಮ ಫ್ಯಾಕ್ಟರಿ ಆಫೀಸ್ ರೂಮಿನ ಮೇಲೆ ಇದ್ದಿದ್ದು ಅದೇ ಕಣೋ! ಹಳೇ ಕಾಲದೋರು ಗಾರೆ ಕೆಳಗೆ ಮಡಕೆ ಬೋರಲು ಹಾಕಿದ್ರು. ಮೂವತ್ತು ವರ್ಷ ಅದರ ಕೆಳಗೆ ಕೂತು ಟೀ ಕುಡಿದಿದೀನಿ, ತಣ್ಣಗಿದೆ ತಣ್ಣಗಿದೆ ಅಂತ ಹೇಳ್ಕೊಂಡು! ಯಾಕೆ ಅಂತ ಒಂದಿನ ತಲೆ ಎತ್ತಿ ನೋಡ್ಲಿಲ್ಲ!" ಅಂತ ಹಣೆ ಹೊಡ್ಕೊಂಡ್ರು. ಅಂದ್ರೆ ನನ್ನ ಒರಿಜಿನಲ್ ಐಡಿಯಾ ನನ್ನ ಮುತ್ತಾತನ ಕಾಲದ್ದು. ಪರವಾಗಿಲ್ಲ, ಆ ಒಂದು ಗಂಟೆ ಅದು ನಂದಾಗಿತ್ತು.

ಕುಂಬಾರರ ಹತ್ರ ಹೋದಾಗ ಇನ್ನೊಂದು ತಮಾಷೆ. ಸರಿಯಾದ ಕುಡಿಕೆ ನಮ್ಮ ಕೈಗೆಟುಕ್ತಿರ್ಲಿಲ್ಲ. ಮೂಲೇಲಿ ಸುಟ್ಟಾಗ ಸೊಟ್ಟ ಆಗಿದ್ದು, ಸೀಳು ಬಿಟ್ಟಿದ್ದು ರಾಶಿ ಬಿದ್ದಿತ್ತು. ತಾತ ಅದನ್ನೇ ಕೇಳಿದ್ರು. ನೀರು ನಿಲ್ಲದಿದ್ರೆ ನಮಗೇನು, ನಮಗೆ ಬೇಕಾಗಿದ್ದು ಗಾಳಿ. ಸೀಳನ್ನ ಗಾರೆ ಮುಚ್ಚತ್ತೆ. ಕುಂಬಾರಣ್ಣ ಮಾತ್ರ ಒಪ್ಲೇ ಇಲ್ಲ. "ಒಡಕು ಮಡಕೆ ಒಬ್ಬರ ಮನೆಗೆ ಕೊಡೋದಾ? ನಮ್ಮಪ್ಪ ಹೊಡೀತಿದ್ದ. ಅದನ್ನ ಒಡೆದು ಮಣ್ಣಿಗೆ ಸೇರಿಸೋದು ಸ್ವಾಮಿ, ಮಾರೋದಲ್ಲ."

ತಾತ ಅಮ್ಮನ ನಿದ್ದೆ ಕಥೆ ಹೇಳಿದ್ರು. ಮಕ್ಕಳ ವಾರ್ಡು, ಔಷಧಿ ಸ್ಪೂನು, ಎಲ್ಲಾ. ಕುಂಬಾರಣ್ಣ ಸೇದ್ತಿದ್ದ ಬೀಡಿ ಆರಿಸಿದ್ರು. ಆಮೇಲೆ ಒಳಗೆ ಹೋಗಿ ಒಂದು ಚೆಂದದ, ಗಟ್ಟಿ, ದುಂಡನೆ ಮಡಕೆ ತಂದು ನನ್ನ ಕೈಲಿಟ್ರು. "ಮೊದಲು ಇದು ಮನೆಯೊಳಗೆ ಹೋಗಲಿ. ನೀರು ತುಂಬಿಸಿ ಇಡಿ. ಆಮೇಲೆ ಇವು ಹಿಂದೆ ಬರಲಿ. ಆಗ ದೋಷ ಇಲ್ಲ. ಈ ಒಡಕಿನ ಗಾಡಿ ಬಾಡಿಗೆ ನೀವು ಕೊಡಿ ಸಾಕು."

ಗಾಡಿ ನಮ್ಮ ಬೀದಿಗೆ ಬಂತು. ಮುಂದೆ ನಾನು ಎದೆಗವಚ್ಕೊಂಡ ಮಡಕೆ, ಹಿಂದೆ ಗಾಡಿ ತುಂಬ ಕುಡಿಕೆ, ಅದರ ಹಿಂದೆ ಬಿಳಿ ಪಂಚೇಲಿ ತಾತ. ಎದುರು ಮನೆ ಹೆಂಗಸರೆಲ್ಲ ಹೊರಗೆ. "ಯಾರ ಮದುವೆ ರೀ? ನಿಮ್ಮ ಹುಡುಗಂದಾ? ಇಷ್ಟು ಬೇಗನಾ? ನಮಗೆ ಹೇಳ್ಲೇ ಇಲ್ಲ!" ಸಾವಿತ್ರಮ್ಮ ಗೇಟಲ್ಲಿ ನಿಂತು, "ಹೌದು, ಮೋಲ್ಡಿಗೆ ಮದುವೆ. ಊಟ ಇಲ್ಲ, ಹೋಗಿ" ಅಂದ್ರು. ಅಷ್ಟೊತ್ತಿಗೆ ಅವರೂ ನಮ್ಮ ಪಾರ್ಟಿ ಆಗಿದ್ರು. ಮೇಲೆ ಆಡ್ಕೊಂಡ್ರೂ ಒಳಗೆ ಅಮ್ಮನ ಕಣ್ಣು ನೋಡ್ತಾನೇ ಇದ್ರಲ್ಲ.

ಕೆಲಸದ ವಿಷಯ ನಿಮಗೂ ಬೇಕಾಗಬಹುದು, ಅದಕ್ಕೆ ಹೇಳ್ತೀನಿ. ಮೊದಲು ಒಬ್ಬ ಮೇಸ್ತ್ರೀನ ಕರೆಸಿ ಮೋಲ್ಡು ಇಷ್ಟು ಭಾರ ತಡೆಯತ್ತಾ ಅಂತ ಕೇಳಿದ್ವಿ. ಇದು ಮರೀಬೇಡಿ, ದಯವಿಟ್ಟು. ಅವರು ಹೂಂ ಅಂದ್ಮೇಲೆ, ಕುಡಿಕೆಗಳನ್ನ ಒತ್ತೊತ್ತಾಗಿ ಬೋರಲು ಜೋಡಿಸಿ, ಸಂದಿಗೆ ಹೆಂಚಿನ ಚೂರು, ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲಸಿದ ಗಾರೆ. ಮೇಲೆ ಟೈಲ್ಸ್ ಅಂಗಡಿಯೋರು ಬಿಸಾಕಿದ್ದ ಬಿಳಿ ಟೈಲ್ಸ್ ಚೂರು, ಬಿಸಿಲು ಬಂದ ದಾರಿಗೇ ವಾಪಸ್ ಹೋಗ್ಲಿ ಅಂತ. ನೀರು ಹರಿಯೋಕೆ ಒಂದು ಕಡೆ ಇಳಿಜಾರು. ತಾತನ ಬೆರಳಿಗೆ ಸುಣ್ಣ ಕಚ್ಚೋದೂ ಗೊತ್ತಾಗ್ತಿರ್ಲಿಲ್ಲ, ಅದಕ್ಕೆ ನಾನು ಅವರ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ. "ನನಗೂ ಇನ್ಸುಲೇಶನ್ ಮಾಡ್ದೆ ನೀನು" ಅಂತ ನಕ್ರು. ಕುಡಿಕೆ ತಟ್ಟೋ ಸದ್ದಿಗೆ ಅಮ್ಮಂಗೆ ತೊಂದ್ರೆ ಆಗ್ಬಾರ್ದು ಅಂತ ಆ ವಾರ ಸಾವಿತ್ರಮ್ಮ ತಮ್ಮ ದೇವರ ಕೋಣೇಲಿ ಅಮ್ಮಂಗೆ ಚಾಪೆ ಹಾಕಿಕೊಟ್ರು. ಅಲ್ಲೂ ನಿದ್ದೆ ಅಷ್ಟಕ್ಕಷ್ಟೇ. ಓನರ್ ಮನೇಲಿ ಕಾಲು ಚಾಚೋಕೇ ಅಮ್ಮಂಗೆ ಸಂಕೋಚ. ಗಾರೆಗೆ ದಿನಕ್ಕೆ ಎರಡು ಸಲ ನೀರು ಚಿಮುಕಿಸ್ತಾ ಕಾದ್ವಿ. ಸುಣ್ಣ ಸಿಮೆಂಟ್ ಥರ ಅಲ್ಲ, ಅದಕ್ಕೆ ಅವಸರ ಇಲ್ಲ. ಇದ್ದಿದ್ದು ನಮಗೆ.

ಏಪ್ರಿಲ್ ಇಪ್ಪತ್ತೊಂಬತ್ತು. ಅಮ್ಮ ರಾಜೀನಾಮೆ ಪತ್ರ ಬರೆದು ಬ್ಯಾಗಲ್ಲಿ ಇಟ್ಕೊಂಡಿದ್ರು, ನಾನು ನೋಡಿದ್ದೆ. ಬೆಳಗ್ಗೆ ಒಂಬತ್ತಕ್ಕೆ ನಮ್ಮ ರೂಮಲ್ಲೇ ಮಲಗಿದ್ರು. ನಾನು ಬಾಗಿಲಾಚೆ ಕೂತೆ. ಹತ್ತಾಯ್ತು. ಹನ್ನೊಂದಾಯ್ತು. ಹನ್ನೆರಡು. ಬಿಸಿಲು ಹೆಂಗಿತ್ತು ಅಂದ್ರೆ ಟೆರೇಸ್ ಮೇಲೆ ಕಾಲಿಡಕ್ಕಾಗ್ತಿರ್ಲಿಲ್ಲ. ಒಳಗಿಂದ ಹೊರಳೋ ಸದ್ದಿಲ್ಲ, ಟವಲ್ ಹಿಂಡೋ ಸದ್ದಿಲ್ಲ.

ಒಂದೂವರೆಗೆ ತಾತ ಬಂದ್ರು. ಚಪ್ಪಲಿ ಕೆಳಗೇ ಬಿಟ್ಟು, ಸುಡೋ ಮೆಟ್ಟಿಲು ಬರಿಗಾಲಲ್ಲಿ ತುದಿಬೆರಳ ಮೇಲೆ ಹತ್ತಿದ್ರು. ಬಾಗಿಲ ಪಕ್ಕದ ಗೋಡೆಗೆ ಕೆನ್ನೆ ಇಟ್ರು, ಮೊದಲ ದಿನದ ಥರಾನೇ. ಕಣ್ಣು ಮುಚ್ಚಿದ್ರು. ಆಗ ಒಳಗಿಂದ ಕೇಳಿಸ್ತು. ಗೊರ್ರ್ರ್. ಒಂದು ಸಣ್ಣ ವಿರಾಮ. ಮತ್ತೆ ಗೊರ್ರ್ರ್. ನಮ್ಮಮ್ಮ ಗೊರಕೆ ಹೊಡೀತಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು!

"ಒಳಗೆ ಬನ್ನಿ ತಾತ, ಮೋಲ್ಡು ಮುಟ್ಟಿ ನೋಡಿ" ಅಂತ ಪಿಸುಗುಟ್ಟಿದೆ. "ಅಮ್ಮನ್ನ ಎಬ್ಬಿಸ್ತೀನಿ, ಅವರಿಗೂ ನಿಮ್ಮನ್ನ ನೋಡ್ಬೇಕು."

ತಾತ ನನ್ನ ಕೈ ಹಿಡಿದು ಎಳೆದ್ರು. "ತೆಪ್ಪಗಿರು! ಥರ್ಮಾಮೀಟರ್ ಒಳಗೆ ಗೊರಕೆ ಹೊಡೀತಿದೆ. ಇನ್ನೇನು ಮುಟ್ಟಿ ನೋಡೋದು?"

ಬಾಗಿಲ ಹತ್ರ ಇಟ್ಟಿದ್ದ ಕುಂಬಾರಣ್ಣನ ಮಡಕೆಯಿಂದ ಒಂದು ಲೋಟ ನೀರು ಕುಡಿದ್ರು. ಇನ್ನೊಂದು ಐದು ನಿಮಿಷ ಸುಮ್ಮನೆ ನಿಂತು ಗೊರಕೆ ಕೇಳಿಸ್ಕೊಂಡ್ರು. ಆಮೇಲೆ ಅದೇ ತುದಿಬೆರಳಲ್ಲಿ ಇಳಿದು ಹೋದ್ರು. ಸೈಕಲ್ ಬೆಲ್ಲು ಸಹ ಮಾಡ್ಲಿಲ್ಲ.

ಅಮ್ಮ ಎದ್ದಿದ್ದು ನಾಲ್ಕೂವರೆಗೆ. ವಿಷಯ ಗೊತ್ತಾಗಿ ನನಗೆ ಸರಿಯಾಗಿ ಬೈದ್ರು. "ಎಬ್ಬಿಸ್ಬಾರ್ದಿತ್ತಾ? ಒಂದು ಮಾತು ಹೇಳ್ಬೇಕಿತ್ತು ಕಣೋ ಅವರಿಗೆ." ಬೈತಾನೇ ಬ್ಯಾಗಿಂದ ಆ ಪತ್ರ ತೆಗೆದು ಒಲೆ ಹಚ್ಚೋಕೆ ಉಪಯೋಗಿಸಿದ್ರು.

ಮೇ ಪೂರ್ತಿ ತಾತ ಬರ್ಲಿಲ್ಲ. ಜೂನಲ್ಲಿ ನಾನೇ ಓಕಳಿಪುರಂಗೆ ಹುಡುಕ್ಕೊಂಡು ಹೋದೆ. ಬೀಗ. ಪಕ್ಕದ ಮನೆಯೋರು, ಮೈ ಹುಷಾರಿಲ್ಲದೆ ಮಗಳ ಊರಿಗೆ ಹೋದ್ರು, ಅಲ್ಲೇ ಹೋದ ವಾರ ತೀರ್ಕೊಂಡ್ರಂತೆ ಅಂದ್ರು. ಅವರ ಮನೆ ನೋಡ್ತಾ ನಿಂತೆ. ಶೀಟಿನ ಮನೆ. ಶೀಟು ಮಾತ್ರ ಕಾಣ್ತಾನೇ ಇಲ್ಲ! ಪೂರ್ತಿ ಸೀಮೆಬದನೆ ಬಳ್ಳಿ, ಎಲೆ ಮೇಲೆ ಎಲೆ, ಕಾಯಿ ಜೋತಾಡ್ತಿದೆ. ಇದನ್ನ ನನಗೆ ಹೇಳೇ ಇರ್ಲಿಲ್ಲ ಕಳ್ಳ ತಾತ. ನಮ್ಮ ಮೋಲ್ಡಿನ ಮೇಲೆ ಬಳ್ಳಿಗೆ ದಿನಾ ನೀರು ಯಾರು ಹಾಕ್ತಾರೆ ಅಂತ ಇರಬಹುದು. ಅಥವಾ ಹಸಿರು ಕಂಡ್ರೆ ಸಾವಿತ್ರಮ್ಮ ಮತ್ತೆ ಎಮ್ಮೆ ತರ್ತಾರೆ ಅಂತ ಹೆದರಿದ್ರೋ ಏನೋ. ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಅವರ ಗೋಡೆಗೆ ನನ್ನ ಕೆನ್ನೆ ಇಟ್ಟೆ. ತಣ್ಣಗಿತ್ತು.

ಅಮ್ಮ ಅದೇ ವಾರ್ಡಲ್ಲಿ ಇವತ್ತಿಗೂ ನೈಟ್ ಡ್ಯೂಟಿ ಮಾಡ್ತಿದಾರೆ. ತಾತಂಗೆ ಒಂದು ಮಾತೂ ಹೇಳಕ್ಕಾಗ್ಲಿಲ್ಲ ಅಂತ ಇನ್ನೂ ಕೊರಗ್ತಾರೆ. ನಾನು ಹೇಳ್ತೀನಿ, ನೀನು ಐದು ನಿಮಿಷ ಬಿಡದೇ ಹೇಳ್ದೆ ಕಣಮ್ಮ, ಅವರು ನಿಂತ್ಕೊಂಡು ಪೂರ್ತಿ ಕೇಳಿಸ್ಕೊಂಡು ಹೋದ್ರು.

ಇದನ್ನ ಟೈಪ್ ಮಾಡ್ತಿರೋದು ಅದೇ ಬಾಗಿಲಾಚೆ ಕೂತು. ಹೊರಗೆ ಬೆಂಕಿ ಬಿಸಿಲು, ಒಳಗೆ ಗೊರ್ರ್ರ್. ಈಗ ನಿಮ್ಮ ಸರದಿ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮನೆ ಪಶ್ಚಿಮದ ಗೋಡೆಗೆ ಕೆನ್ನೆ ಇಟ್ಟು ನೋಡಿ, ಜ್ವರ ಎಷ್ಟಿದೆ ಅಂತ. ಪಕ್ಕದ ಮನೆಯೋರು ನಗ್ತಾರೆ, ನಗ್ಲಿ ಬಿಡಿ. ಬಿಸಿಲು ತಡೆಯೋಕೆ ನೀವು, ನಿಮ್ಮ ಅಜ್ಜ ಅಜ್ಜಿ ತಲೆ ಮೇಲೆ ಏನೇನು ಹಾಕಿದ್ರಿ, ಯಾವುದು ಕೆಲಸ ಮಾಡ್ತು, ಯಾವುದು ಮೊಳಕೆ ಒಡೀತು, ಎಲ್ಲಾ ಕೆಳಗೆ ಬರೀರಿ. ಕೆಲಸಕ್ಕೆ ಬಾರದೇ ಹೋಗಿದ್ದು ಇದ್ರೆ ಅದನ್ನ ಮೊದಲು ಬರೀರಿ. ಕಿವಿ ಹಿಡ್ಕೊಂಡು ಬರೆದ್ರೂ ಪರವಾಗಿಲ್ಲ.